ಆರಕ್ಷರದ ಆಚೆಯ ಹೆಸರು

ಜೂನ್ 11

ಚಿನಕುರುಳಿಗೆ,

ಅತ್ತಿಗೆ ಬರೆಯುತ್ತಿದ್ದೇನೆ. ದೇವರು ಇಟ್ಟ ಹಾಗೆ ಇಬ್ಬರೂ ಗಟ್ಟಿಯಾಗಿದ್ದೇವೆ. ನಿನ್ನ ಅಣ್ಣನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ವರ್ಗವಾಗಿ ದೊಡ್ಡ ಕಚೇರಿಗೆ ಹೋದ ಮೇಲೆ ಈ ನೀರು ಪರೀಕ್ಷೆಯ ಕೋಣೆಯಲ್ಲಿ ನಗುವವರೇ ಇಲ್ಲ. ಕೆಮಿಸ್ಟರು ದಿನಕ್ಕೆರಡು ಸಲ ಸೀನುತ್ತಾರೆ, ಅದೇ ನಮಗೆ ಮನರಂಜನೆ.

ವಿಷಯಕ್ಕೆ ಬರುತ್ತೇನೆ. ಹದಿನೈದು ದಿನದ ಹಿಂದೆ ನಿನ್ನ ಕಂಪ್ಯೂಟರು ಹಳೇ ಗಿರಣಿಯಂತೆ ಗರಗರ ಅಂದು ಕಪ್ಪಾಯಿತು. ರಿಪೇರಿಯವನು ಬಂದು, ಒಳಗಿನ ಡಿಸ್ಕಿನ ಆಯುಸ್ಸು ಮುಗಿಯಿತು ಎಂದು ಹೇಳಿ, ಹೊಸದು ಹಾಕಿ, ಹಳೆಯದರಲ್ಲಿ ಇದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿಕೊಟ್ಟ. "ಒಂದೂ ಬಿಟ್ಟಿಲ್ಲ ಅಕ್ಕಾ, ಬೇಕಾದ್ರೆ ಎಣಿಸ್ಕೊಳ್ಳಿ" ಅಂದ. ಎಣಿಸಿಕೊಂಡೆ. ನಲವತ್ತೊಂದು ಬಾವಿ, ನಲ್ಲಿ, ಪಂಪುಗಳಿಗೆ ನಲವತ್ತೊಂದು ಫೈಲು. ಎಲ್ಲವೂ ಇದ್ದವು. ಎಲ್ಲ ವರದಿಯನ್ನೂ ಒಂದೇ ಏಟಿಗೆ ಅಚ್ಚುಮಾಡಿಸಲು ನೀನು ಬರೆದಿಟ್ಟು ಹೋದ ಬ್ಯಾಚ್ ಫೈಲೂ ಇತ್ತು. ನೀನು ಗೋಡೆಗೆ ಅಂಟಿಸಿದ ಚೀಟಿಯಲ್ಲಿರುವಂತೆ ಸಂಜೆ ಐದಕ್ಕೆ ಆ ಒಂದು ಪದ ಹೊಡೆದು ಎಂಟರ್ ಒತ್ತುತ್ತೇನೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡುತ್ತವೆ. ಪ್ರಿಂಟರು ಕಿರುಚುತ್ತ ಒಂದೊಂದು ಜಾಗಕ್ಕೂ ಒಂದೊಂದು ವರದಿ ಉಗುಳುತ್ತದೆ. 'ಸರಿನೋಡಿದವರು' ಎಂಬಲ್ಲಿ ನಾನು ಸಹಿ ಹಾಕುತ್ತೇನೆ.

ಒಂದು ಸಂಗತಿ ಮಾತ್ರ ಗಂಟಲಿನಿಂದ ಇಳಿಯುತ್ತಿಲ್ಲ. ಶಾಲೆಯ ಅಂಗಳದ ಪಂಪಿನಿಂದ ಬಂದ ಬಾಟಲಿಯ ಮುಚ್ಚಳ ತೆಗೆದರೆ ಪಾಯಿಖಾನೆಯ ವಾಸನೆ ಹೊಡೆಯುತ್ತದೆ. ತೊಳೆಯುವವಳು ನಾನು, ನನಗೆ ಗೊತ್ತು. ಮೂರು ಸಲ ಸೋಪು ಹಾಕಿದರೂ ಬೆರಳಿನಿಂದ ಹೋಗಲಿಲ್ಲ. ವರದಿ ಮಾತ್ರ 'ಕುಡಿಯಲು ಯೋಗ್ಯ' ಅನ್ನುತ್ತದೆ. ಅದೇ ಶಾಲೆಯ ಹಿಂದಿನ ಬಾವಿಯ ನೀರು ಕಣ್ಣೀರಿನ ಹಾಗೆ ತಿಳಿಯಾಗಿದೆ. ಅದಕ್ಕೆ 'ಅಯೋಗ್ಯ, ಮಲದ ಕ್ರಿಮಿ ಇದೆ' ಎಂದು ಬಂದಿದೆ. ಕೆಮಿಸ್ಟರನ್ನು ಕೇಳಿದೆ.

"ನಿಮ್ಮ ಮೂಗಿಗೂ ಸಂಬಳ ಕೊಡ್ತಾರೇನಮ್ಮ?" ಅಂದರು. "ನಾನು ಟೈಪ್ ಮಾಡಿದ್ದೇ ಅಚ್ಚಾಗೋದು. ಸುಮ್ನೆ ಸಹಿ ಹಾಕಿ."

ಹಾಕಿದೆ. ನೀನು ಏನನ್ನುತ್ತೀ?

ನಿನ್ನ ತಲೆಗೆ ಎಣ್ಣೆ ಹಾಕಿದ ಕೈ,
ಅತ್ತಿಗೆ

ಜೂನ್ 24

ಅತ್ತಿಗೆಗೆ ನಮಸ್ಕಾರ,

ನಿಮ್ಮ ಕಾಗದ ಊಟದ ಬಿಡುವಿನಲ್ಲಿ ಓದಿದೆ, ಮುಂದೆ ಊಟ ಇಳಿಯಲಿಲ್ಲ! ಅಷ್ಟು ಚೆನ್ನಾಗಿ ವಾಸನೆ ಬರೆದಿದ್ದೀರಿ.

ನೀರಿನ ಒಳ್ಳೆಯದು ಕೆಟ್ಟದ್ದು ಮೂಗಿಗೆ ತಿಳಿಯುವುದಾಗಿದ್ದರೆ ಕೆಮಿಸ್ಟರು ಯಾಕೆ, ನಾಯಿಯೊಂದನ್ನು ಸಾಕಿದ್ದರೆ ಆಗುತ್ತಿತ್ತು. ಒಳ್ಳೆಯ ನೀರೂ ತುಕ್ಕು ಕೊಳವೆಯಲ್ಲಿ ನಿಂತರೆ ನಾರುತ್ತದೆ. ಕ್ರಿಮಿ ತುಂಬಿದ ನೀರೂ ಥಳಥಳ ಹೊಳೆಯುತ್ತದೆ. ಯಂತ್ರಕ್ಕೆ ನಿಮ್ಮ ಹಾಗೆ ಅನುಮಾನದ ಕಾಯಿಲೆ ಇಲ್ಲ. ಡಿಸ್ಕ್ ಬದಲಾಯಿಸಿದ್ದು ಒಳ್ಳೆಯದೇ ಆಯಿತು.

ಒಂದು ಸಿಹಿ ಸುದ್ದಿ. ನಾನು ನಮ್ಮ ಕೋಣೆಗೆಂದು ಬರೆದ ಆ ಬ್ಯಾಚ್ ಫೈಲನ್ನು ಇಪ್ಪತ್ತೆರಡು ಪರೀಕ್ಷಾ ಕೋಣೆಗಳಿಗೂ ಕೊಡಬೇಕೆಂದು ದೊಡ್ಡವರು ತೀರ್ಮಾನಿಸಿದ್ದಾರೆ. ಸುತ್ತೋಲೆಯಲ್ಲಿ ನನ್ನ ಹೆಸರು ಬರುತ್ತದೆ. ಅಣ್ಣನಿಗೆ ಹೇಳಿ, ಮೊಣಕಾಲು ಮರೆತು ಕುಣಿಯಲಿ. ನೀವು ಮಾತ್ರ ದಯವಿಟ್ಟು ಆ ಒಂದು ಪದ ಬಿಟ್ಟು ಬೇರೆ ಏನನ್ನೂ ಒತ್ತಬೇಡಿ.

ನಿಮ್ಮ ಗದರಿಕೆಗೆ ಹಸಿದಿರುವ,
ಚಿನಕುರುಳಿ

ಜುಲೈ 20

ಚಿನಕುರುಳಿಗೆ,

ಇವತ್ತು ಯೋಗಕ್ಷೇಮ ಬರೆಯಲು ಮನಸ್ಸಿಲ್ಲ. ಓದು.

ಶಾಲೆಯ ಹನ್ನೊಂದು ಮಕ್ಕಳಿಗೆ ಕಾಮಾಲೆ. ಎರಡನೇ ತರಗತಿಯ ಒಂದು ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಕಣ್ಣಿನ ಬಿಳಿ ಅರಿಸಿನದಂತಾಗಿದೆ. ನಮ್ಮ ವರದಿ ನಂಬಿ ಶಾಲೆಯವರು ಹಿಂದಿನ ಬಾವಿಗೆ ಕಲ್ಲುಚಪ್ಪಡಿ ಎಳೆದು ಕೆಂಪು ಬಣ್ಣ ಬಳಿದಿದ್ದಾರೆ. ಕುಡಿಯುವುದಕ್ಕೂ ಅಡುಗೆಗೂ ಪಂಪಿನ ನೀರೇ.

ಮೊನ್ನೆ ಈ ವಾರದ ವರದಿ ಕೊಡಲು ನಾನೇ ಹೋಗಿದ್ದೆ. ತಂದೆತಾಯಿಗಳ ಸಭೆ ನಡೆಯುತ್ತಿತ್ತು. ಹೆಡ್ಮಾಸ್ತರರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಎತ್ತಿ ಹಿಡಿದರು.

"ನೋಡ್ರಪ್ಪಾ, ನೀರು ಪಾಸಾಗಿದೆ. ಸಹಿ ಹಾಕಿದವರು ಇಲ್ಲೇ ನಿಂತಿದಾರೆ. ಹಾಗಾದ್ರೆ ಕೊಳಕು ಎಲ್ಲಿಂದ ಬಂತು?"

ಎಲ್ಲರ ಕಣ್ಣೂ ಒಟ್ಟಿಗೇ ಅಡುಗೆಯಾಕೆಯ ಕಡೆ ತಿರುಗಿತು. ಒಂಬತ್ತು ವರ್ಷದಿಂದ ಆ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸುವವಳು.

"ಕೈ ತೋರ್ಸು" ಅಂದರು ಒಬ್ಬರು. ತೋರಿಸಿದಳು. "ಹಂಗಲ್ಲ, ಉಗುರು ತೋರ್ಸು." ಬೆರಳು ತಿರುಗಿಸಿದಳು. ನೂರು ಜನ ಕತ್ತು ಚಾಚಿ, ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ನೋಡಿದರು. ಈರುಳ್ಳಿ ಹೆಚ್ಚಿ, ಪಾತ್ರೆ ತಿಕ್ಕಿ ಕರಿ ಕೂತ ಉಗುರು. ನಿನ್ನದು ನನ್ನದು ಬೇರೆಯೇ?

"ಥೂ, ಇದೇ ಕೈಯಲ್ಲಿ ಬಡಿಸ್ತಿದ್ಲಲ್ಲಾ" ಎಂದು ಒಬ್ಬಳು ತಾಯಿ ಸೆರಗು ಮೂಗಿಗೆ ಹಿಡಿದಳು.

"ನನ್ನ ಎರಡು ಮಕ್ಳೂ ಇದೇ ಊಟ ಮಾಡ್ತಾವಲ್ಲವ್ವಾ. ಅವಕ್ಕೆ ನಾನು ವಿಷ ಹಾಕ್ತೀನಾ?" ಅಂದಳು ಅವಳು. ಸಂಜೆಯೊಳಗೆ ಶಾಲೆಯ ಹೊರಗೋಡೆಗೆ ಕಾಗದ ಅಂಟಿಸಿದರು: 'ಅಶುಚಿತ್ವದ ಕಾರಣ ಅಡುಗೆಯವಳನ್ನು ಕೆಲಸದಿಂದ ತೆಗೆದುಹಾಕಲಾಗಿದೆ.'

ಅವಳು ಹೋಗುವಾಗ ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಮನೆಗೆ ಬಂದು ದೇವರ ಮುಂದೆ ಕೂತೆ. ಬಾಯಿಗೆ ಪ್ರಾರ್ಥನೆಯ ಒಂದು ಪದವೂ ಬರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಕೋಣೆಗೆ ಹೋಗಿ, ಕೆಮಿಸ್ಟರು ಕೈಯಲ್ಲಿ ಬರೆದ ಪುಸ್ತಕ ತೆಗೆದು, ಅಚ್ಚಾದ ವರದಿಯ ಪಕ್ಕ ಇಟ್ಟೆ. ನಾನು ಹೆಚ್ಚು ಓದಿದವಳಲ್ಲ. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡುವಷ್ಟು ಬರುತ್ತದೆ. ಪುಸ್ತಕದಲ್ಲಿ ಪಂಪು ಕೆಟ್ಟದ್ದು, ಬಾವಿ ಒಳ್ಳೆಯದು. ವರದಿಯಲ್ಲಿ ಪಂಪು ಒಳ್ಳೆಯದು, ಬಾವಿ ಕೆಟ್ಟದ್ದು. ಒಂದು ವಾರವಲ್ಲ, ಡಿಸ್ಕ್ ಬದಲಾದ ದಿನದಿಂದ ಪ್ರತಿ ವಾರವೂ ಹೀಗೇ. ಉಳಿದ ಮೂವತ್ತೊಂಬತ್ತು ಸರಿಯಾಗಿವೆ. ಇವೆರಡು ಮಾತ್ರ ಅದಲುಬದಲು.

ಕೆಮಿಸ್ಟರಿಗೆ ತೋರಿಸಿದೆ. ಸೀನುವುದನ್ನೂ ಮರೆತರು. "ನಾನು ಬರೆದದ್ದು ಸರಿ ಇದೆಯಲ್ಲ" ಎಂದು ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರ ಕೈ ತೊಳೆದಾಯಿತು.

ಶಾಲೆಗೆ ಓಡಿದೆ. "ಪಂಪಿನ ನೀರು ಕುಡಿಸಬೇಡಿ" ಅಂದೆ. "ನಿಮ್ಮ ಬಾಯಿ ನಂಬ್ಲೋ, ನಿಮ್ಮ ಸಹಿ ನಂಬ್ಲೋ? ಬರೆದು ತನ್ನಿ" ಅಂದರು ಹೆಡ್ಮಾಸ್ತರರು. ಬರೆದು ಕೊಡಬೇಕಾದರೆ ಯಂತ್ರ ಸರಿಯಾಗಬೇಕು. ಅಲ್ಲಿಯವರೆಗೆ ಮಕ್ಕಳು ಹೇಲುನೀರು ಕುಡಿಯಬೇಕೇ? ಎಲ್ಲರೂ ತರಗತಿಯಲ್ಲಿದ್ದಾಗ ಪಂಪಿನ ಹಿಡಿಯ ಬೋಲ್ಟು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದೆ. ಕಳ್ಳತನವಾದರೆ ಆಗಲಿ, ದೇವರಿಗೆ ನಾನು ಹೇಳಿಕೊಳ್ಳುತ್ತೇನೆ.

ನೀನು ಬರೆದದ್ದರಲ್ಲಿ ಏನಾಗಿದೆ? ತಡಮಾಡದೆ ತಿಳಿಸು.

ಅತ್ತಿಗೆ

ಜುಲೈ 27

ಅತ್ತಿಗೆ,

ಕಾಗದ ಓದಿದ ಕೂಡಲೇ ಬ್ಯಾಚ್ ಫೈಲು ತೆರೆದು ನೋಡಿದೆ. ಏನಾಗಿದೆ ಎಂದು ಗೊತ್ತಾಯಿತು. ನಿಮಗೆ ತಿಳಿಯುವ ಹಾಗೆ ಬರೆಯುತ್ತೇನೆ.

ನಾವು ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಉದ್ದುದ್ದ ಹೆಸರು ಇಟ್ಟಿದ್ದೇವೆ: 'ಸ್ಕೂಲ್ ಪಂಪು', 'ಸ್ಕೂಲ್ ಹಿಂದಿನ ಬಾವಿ' ಹೀಗೆ. ಹಳೆಯ ಬ್ಯಾಚ್ ಫೈಲಿಗೆ ನಡುವೆ ಜಾಗ ಬಿಟ್ಟ ಹೆಸರು ಕೊಟ್ಟರೆ ಅದು ಒಂದು ಹೆಸರನ್ನು ಎರಡು ಎಂದು ತಿಳಿಯುತ್ತದೆ. 'ಸ್ಕೂಲ್' ಎಲ್ಲಿ, 'ಪಂಪು' ಎಲ್ಲಿ ಎಂದು ಹುಡುಕಿ, ಇಲ್ಲ ಅನ್ನುತ್ತದೆ. ಆದರೆ ಕಂಪ್ಯೂಟರು ತಾನೇ ಪ್ರತಿ ಉದ್ದ ಹೆಸರಿಗೂ ಒಂದು ಮೋಟು ಹೆಸರು ಇಟ್ಟುಕೊಂಡಿರುತ್ತದೆ. ಮೊದಲ ಆರು ಅಕ್ಷರ, ಒಂದು ಅಲೆಯಂಥ ಗೀಟು, ಒಂದು ಅಂಕಿ. ಆರರ ಆಚೆಗೆ ಕತ್ತರಿ. ಸ್ಕೂಲ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಆರು ಅಕ್ಷರ. ಹಾಗಾಗಿ ಪಂಪೂ ಬಾವಿಯೂ ಹೆಸರಿನಲ್ಲಿ ಒಂದೇ ಆಗಿ, ಅಂಕಿಯೊಂದರಿಂದ ಮಾತ್ರ ಬೇರೆ. ಮೊದಲು ಬಂದದ್ದು ಒಂದು, ಆಮೇಲೆ ಬಂದದ್ದು ಎರಡು. ನಾನು ಪಂಪಿನ ಫೈಲು ಮೊದಲು ಮಾಡಿದ್ದೆ. 'ಶಾಲೆಯ ಪಂಪು' ಎಂಬ ತಲೆಬರಹದ ಕೆಳಗೆ ಒಂದನೆಯದನ್ನು ಅಚ್ಚುಮಾಡು ಎಂದು ಬರೆದಿಟ್ಟೆ.

ರಿಪೇರಿಯವನು ನಕಲು ಮಾಡಿದಾಗ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಹೋಗಿವೆ. ಎಚ್ ಅಕ್ಷರದ 'ಹಿಂದಿನ ಬಾವಿ' ಮೊದಲು ಬಂತು, ಪಿ ಅಕ್ಷರದ 'ಪಂಪು' ಆಮೇಲೆ. ಬಾವಿ ಒಂದಾಯಿತು, ಪಂಪು ಎರಡಾಯಿತು. ನನ್ನ ಬ್ಯಾಚ್ ಫೈಲಿಗೆ ಅದು ತಿಳಿಯದು.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಆ ಎರಡು ಸಾಲಿನಲ್ಲಿ ಮೋಟು ಹೆಸರು ಅಳಿಸಿ, ಪೂರ್ತಿ ಹೆಸರು ಬರೆದು, ಅದರ ಹಿಂದೊಂದು ಮುಂದೊಂದು ಉದ್ಧರಣ ಚಿಹ್ನೆ ಹಾಕಿ. ನಾವು ಆಡಿದ ಮಾತು ಬರೆಯುವಾಗ ಹಾಕುತ್ತೇವಲ್ಲ, ಅದೇ. ಚಿಹ್ನೆಯ ಒಳಗಿದ್ದರೆ ಎಷ್ಟು ಉದ್ದವಾದರೂ ಒಂದೇ ಹೆಸರು ಎಂದು ಅದಕ್ಕೆ ತಿಳಿಯುತ್ತದೆ. ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದು ಇಟ್ಟಿದ್ದೇನೆ, ನೋಡಿಕೊಂಡು ಹೊಡೆಯಿರಿ.

ಹೀಗಾಗಬಹುದು ಎಂದು ಆಗಲೇ ಗೊತ್ತಿತ್ತು ಅತ್ತಿಗೆ, ಸುಳ್ಳು ಹೇಳುವುದಿಲ್ಲ. ವರ್ಗದ ಆದೇಶ ಬಂದಿತ್ತು, ಅವಸರವಿತ್ತು. ಡಿಸ್ಕ್ ಯಾರು ಬದಲಾಯಿಸುತ್ತಾರೆ ಅಂದುಕೊಂಡೆ.

ಯಾರಿಗೂ ಹೇಳಬೇಡಿ. ಮುಂದಿನ ವಾರದಿಂದ ವರದಿ ತಾನಾಗಿ ಸರಿಯಾಗುತ್ತದೆ. ಈ ಕಾಗದ ಹರಿದುಹಾಕಿ.

ನಿಮ್ಮವಳು

ಆಗಸ್ಟ್ 12

ಚಿನಕುರುಳಿಗೆ,

ಹರಿದುಹಾಕಿಲ್ಲ. ದೇವರ ಪಟದ ಹಿಂದೆ ಇಟ್ಟಿದ್ದೇನೆ.

ನೀನು ಹೇಳಿದಂತೆ ಮಾಡಿದೆ. ಒಂದೊಂದು ಕೀಲಿಗೂ ಕನ್ನಡಕ ಏರಿಸಿ ಇಳಿಸಿ ಅರ್ಧ ಗಂಟೆ ಹಿಡಿಯಿತು. ಎಂಟರ್ ಒತ್ತಿದೆ. ವರದಿ ಪುಸ್ತಕದ ಹಾಗೇ ಬಂತು. ಪಂಪು ಅಯೋಗ್ಯ, ಬಾವಿ ಯೋಗ್ಯ. ಶಾಲೆಗೆ ಒಯ್ದು ಕೊಟ್ಟೆ. ಪಂಪಿನ ಹಿಡಿ ಕಳಚಿದ್ದರಿಂದ ಅಲ್ಲಿಯವರೆಗೆ ಮಕ್ಕಳು ಮನೆಯಿಂದಲೇ ನೀರು ತರುತ್ತಿದ್ದರು. ನೆಲ ಅಗೆಸಿ ನೋಡಿದರೆ, ಪಂಪಿನಿಂದ ಎಂಟು ಹೆಜ್ಜೆ ಆಚೆಗಿರುವ ಪಾಯಿಖಾನೆ ಗುಂಡಿಯ ಗೋಡೆ ಬಿರುಕು ಬಿಟ್ಟಿದೆ. ಪಂಪಿನ ಬುಡದ ಮಣ್ಣು ಕಪ್ಪಗೆ ಕೊಳೆತಿದೆ. ನಿಂತು ನೋಡಿದೆ. ಇದನ್ನು ಏಳು ವಾರ ಹಸುಮಕ್ಕಳಿಗೆ ಕುಡಿಸಿ, ಕೆಳಗೆ ನನ್ನ ಸಹಿ ಹಾಕಿದ್ದೇನೆ.

ಅದಕ್ಕಿಂತ ಅಸಹ್ಯವಾದದ್ದು ಆಮೇಲೆ. ಹೆಡ್ಮಾಸ್ತರರು ವರದಿ ಓದಿ ಹೇಳಿದ್ದೇನು ಗೊತ್ತೇ? "ಓಹೋ, ಈ ವಾರ ನೀರೂ ಕೆಟ್ಟುಹೋಗಿದೆ."

ನೀರೂ! ಅಂದರೆ ಅಡುಗೆಯಾಕೆಯ ಉಗುರು ಹೋದ ತಿಂಗಳು ಕೆಟ್ಟಿತ್ತು, ನೀರು ಈ ವಾರ ಕೆಟ್ಟಿತು. ಗೋಡೆಯ ಮೇಲೆ ಆ ಕಾಗದ ಹಾಗೇ ಇದೆ. ಅವಳ ಇಬ್ಬರು ಮಕ್ಕಳ ಪಕ್ಕ ಬೆಂಚಿನಲ್ಲಿ ಯಾರೂ ಕೂರುವುದಿಲ್ಲವಂತೆ. ಅವಳು ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ ಕೇಳಿದಳಂತೆ, ನಾಲ್ಕು ಕಡೆಯೂ ಬೇಡ ಅಂದರಂತೆ. ಊರೆಲ್ಲ ಅವಳ ಕೈಗೆ ಹೇಸುತ್ತಿದೆ. ಹೇಸಬೇಕಾದ್ದು ನನ್ನ ಕೈಗೆ, ನಿನ್ನ ಕೈಗೆ.

ಶಾಲೆಗೆ ಒಂದು ಕಾಗದ ಬರೆ. ಏಳು ವಾರದ ವರದಿ ತಪ್ಪು, ಕಾರಣ ಇದು, ಅಡುಗೆಯವಳ ತಪ್ಪಲ್ಲ ಎಂದು. ನಾನು ಬರೆದರೆ 'ಬಾಟಲಿ ತೊಳೆಯುವವಳಿಗೆ ಕಂಪ್ಯೂಟರ್ ಏನು ಗೊತ್ತು' ಅನ್ನುತ್ತಾರೆ. ನೀನು ಬರೆದರೆ ನಂಬುತ್ತಾರೆ. ಆ ಇಪ್ಪತ್ತೆರಡು ಕೋಣೆಗಳಿಗೆ ಕಳಿಸಿದೆಯಲ್ಲ, ಅದರಲ್ಲಿ ಚಿಹ್ನೆ ಹಾಕಿದ್ದೀಯೋ ಇಲ್ಲವೋ, ಅದನ್ನೂ ಹೇಳು.

ಕಾಯುತ್ತಿರುವ
ಅತ್ತಿಗೆ

ಆಗಸ್ಟ್ 30

ಅತ್ತಿಗೆ,

ಎಲ್ಲ ಕಡೆಗೂ ಚಿಹ್ನೆ ಹಾಕಿದ ಹೊಸ ಫೈಲು ಕಳಿಸಿದ್ದೇನೆ. ಯಾಕೆ ಎಂದು ಬರೆದಿಲ್ಲ. 'ಸುಧಾರಿತ' ಎಂದು ಬರೆದಿದ್ದೇನೆ.

ಶಾಲೆಗೆ ಕಾಗದ ಬರೆಯಲು ಆಗುವುದಿಲ್ಲ. ಸಿಟ್ಟಾಗಬೇಡಿ, ಕೇಳಿ. ಮುಂದಿನ ತಿಂಗಳು ನನ್ನನ್ನು ಈ ವಿಭಾಗಕ್ಕೆ ಮುಖ್ಯಸ್ಥೆ ಮಾಡುತ್ತಾರೆ. ಇಲ್ಲಿ ಎಲ್ಲರೂ ಎಂಜಿನಿಯರುಗಳು, ನಾನೊಬ್ಬಳೇ ರಾತ್ರಿ ಕಾಲೇಜಿನವಳು. ನಾನು ಎಡವುವುದನ್ನೇ ಕಾಯುತ್ತ ಕೂತಿದ್ದಾರೆ. ಒಂದು ಕಾಗದ ಬರೆದರೆ ಇಷ್ಟು ವರ್ಷ ಹತ್ತಿದ್ದೆಲ್ಲ ಒಂದೇ ಏಟಿಗೆ ಜಾರುತ್ತದೆ. ಫೈಲು ನಕಲು ಮಾಡಿದವನು ರಿಪೇರಿಯವನು, ಪುಸ್ತಕ ನೋಡದೆ ಕೂತವರು ಕೆಮಿಸ್ಟರು, ಸಹಿ ಹಾಕಿದವರು ನೀವು. ನನ್ನೊಬ್ಬಳ ಕತ್ತೇ ಯಾಕೆ?

ಮಕ್ಕಳು ಹುಷಾರಾಗುತ್ತಿದ್ದಾರೆ ಎಂದು ಅಣ್ಣ ಬರೆದಿದ್ದಾನೆ. ಅಡುಗೆಯವಳಿಗೆ ಇಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಕೆಲಸ ಕೊಡಿಸುತ್ತೇನೆ. ಹೊಸ ಊರು, ಯಾರಿಗೂ ಅವಳ ವಿಷಯ ಗೊತ್ತಿರುವುದಿಲ್ಲ. ಅದಕ್ಕಿಂತ ಇನ್ನೇನು ಬೇಕು? ನೀವು ನನ್ನನ್ನು ಹೆತ್ತಿಲ್ಲ, ಅದಕ್ಕಿಂತ ಹೆಚ್ಚು ಮಾಡಿದ್ದೀರಿ. ನೀವೇ ನನ್ನನ್ನು ಬೀದಿಗೆ ಎಳೆಯುವುದಿಲ್ಲ ಎಂದು ನಂಬಿದ್ದೇನೆ.

ನಿಮ್ಮ ಮಡಿಲಲ್ಲಿ ಬೆಳೆದವಳು

ಸೆಪ್ಟೆಂಬರ್ 14

ನಾದಿನಿಗೆ,

ನಿನ್ನ ಅಣ್ಣ "ಅವಳ ಹೆಸರು ಎತ್ತಬೇಡ್ವೇ, ನಿನ್ ಕಾಲಿಗೆ ಬೀಳ್ತೀನಿ" ಅಂದರು. "ಮೊಣಕಾಲು ನೋವು, ಬೀಳಬೇಡಿ" ಎಂದು ಹೇಳಿ ಹೊರಟೆ.

ಮೊದಲು ಅಡುಗೆಯಾಕೆಯ ಮನೆಗೆ ಹೋದೆ. ಒಂದೇ ಕೋಣೆ, ನೆಲ ಒರೆಸಿ ಒರೆಸಿ ಬಿಳಿಚಿಕೊಂಡಿದೆ. ಕೈ ತುಂಬ ಬಿರುಕು. ಬಟ್ಟೆ ಸೋಡಾದಲ್ಲಿ ಕೈ ತೊಳೆಯುತ್ತಾಳಂತೆ. ನಿನ್ನ ಕ್ಯಾಂಟೀನಿನ ಮಾತು ಹೇಳಿದೆ, ಬಂದ ಮಾತು ನುಂಗುವುದು ನನ್ನ ಅಭ್ಯಾಸವಲ್ಲ.

"ಯಾರಿಗೂ ಗೊತ್ತಿಲ್ಲದ ಊರಿಗೆ ಯಾಕೆ ಹೋಗ್ಲಿ? ನಾನೇನು ಕಳ್ಳಿಯಾ? ಗೊತ್ತಿರೋ ಊರಲ್ಲೇ ಗೊತ್ತಾಗ್ಲಿ" ಅಂದಳು.

ಆಮೇಲೆ ಎಲ್ಲ ಹೇಳಿದೆ. ಆರಕ್ಷರ, ಅಂಕಿ, ಅದಲುಬದಲು. ಅವಳಿಗೆ ಅರ್ಥವಾಯಿತು, ಕೆಮಿಸ್ಟರಿಗಿಂತ ಬೇಗ. "ಒಂದೇ ಹೆಸರಿನ ಇಬ್ಬರು ಮಕ್ಕಳ ಡಬ್ಬಿ ಅದಲುಬದಲಾದ ಹಾಗೆ" ಅಂದಳು. "ಡಬ್ಬಿ ಮುಚ್ಚಳ ತೆಗೆದು ನೋಡಿದ್ರೆ ತಿಳೀತಿತ್ತು. ನೀವು ನೋಡ್ಲಿಲ್ಲ." ಅವಳು ಹೇಳಿದ್ದು ಅಷ್ಟೇ. ಸಾಕಾಯಿತು.

ನಿನ್ನೆ ಶಾಲೆಯಲ್ಲಿ ತಂದೆತಾಯಿಗಳ ಸಭೆಗೆ ಹೋಗಿ ಎದ್ದುನಿಂತು ಹೇಳಿದೆ. ಬ್ಯಾಚ್ ಬರೆದವಳು ನನ್ನ ನಾದಿನಿ, ಅವಳಿಗೆ ಮೊದಲೇ ಗೊತ್ತಿತ್ತು. ಸಹಿ ಹಾಕಿದವಳು ನಾನು, ನನಗೆ ಮೊದಲೇ ಅನುಮಾನವಿತ್ತು. ಜುಲೈ ತಿಂಗಳಿನ ನಿನ್ನ ಕಾಗದ ಓದಿದೆ, 'ಸುಳ್ಳು ಹೇಳುವುದಿಲ್ಲ' ಎಂಬಲ್ಲಿವರೆಗೂ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೆಡ್ಮಾಸ್ತರರು ಹಣೆ ಒರೆಸಿಕೊಂಡು, "ಅಯ್ಯೋ, ಕಂಪ್ಯೂಟರ್ ಮಿಸ್ಟೇಕು! ಅಷ್ಟೇನಾ?" ಅಂದರು. ಹಲ್ಲಿನ ನೋವು ಇಳಿದವರ ಹಾಗೆ ಎಲ್ಲರೂ ಹಗುರಾದರು. "ಕಂಪ್ಯೂಟರ್ ಮಿಸ್ಟೇಕು, ಕಂಪ್ಯೂಟರ್ ಮಿಸ್ಟೇಕು." ಅವತ್ತು ಸೆರಗು ಮೂಗಿಗೆ ಹಿಡಿದವಳೂ ಅದನ್ನೇ ಅಂದಳು. ನನಗೆ ಅಲ್ಲೇ ಉಗಿಯಬೇಕೆನಿಸಿತು. ನಮ್ಮ ಕೊಳೆಯನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯ ಮೇಲೆ ಸುರಿದು ಮನೆಗೆ ಹೋಗುವ ಸಡಗರ ಅದು.

ಅಡುಗೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ಕಂಪ್ಯೂಟರು ನನ್ನ ಉಗುರು ನೋಡ್ಲಿಲ್ಲ ಸಾರ್. ನೀವು ನೋಡಿದ್ದು" ಅಂದಳು. "ಗೋಡೆ ಮೇಲೆ ನನ್ನ ಬಗ್ಗೆ ಬರೆದಿದ್ದೀರಿ. ಅದೇ ಜಾಗದಲ್ಲಿ ಬರೀರಿ. ಮನುಷ್ಯರ ಹೆಸರು ಹಾಕಿ, ಮನುಷ್ಯರು ಸಹಿ ಹಾಕಿ."

ಹಳೆಯ ಕಾಗದವನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ. ಹೊಸದನ್ನು ಬರೆದು ಇದರೊಂದಿಗೆ ಕಳಿಸಿದ್ದೇನೆ. ಮೂರು ಸಹಿಗೆ ಜಾಗ ಬಿಟ್ಟಿದ್ದೇನೆ. ನನ್ನದು ಆಗಿದೆ. ಹೆಡ್ಮಾಸ್ತರರದೂ ಆಗಿದೆ. ಮೂರನೆಯ ಜಾಗದ ಕೆಳಗೆ ನಿನ್ನ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ. ಸಹಿ ಇದ್ದರೂ ಅಂಟಿಸುತ್ತೇನೆ, ಇಲ್ಲದಿದ್ದರೂ ಅಂಟಿಸುತ್ತೇನೆ.

ನಿನ್ನನ್ನು ಬೀದಿಗೆ ಎಳೆಯುತ್ತಿಲ್ಲ. ಬೀದಿಯಲ್ಲಿ ಇನ್ನೊಬ್ಬಳು ನಿಂತಿದ್ದಾಳೆ, ಅವಳನ್ನು ಒಳಗೆ ಕರೆಯುತ್ತಿದ್ದೇನೆ.

ಅತ್ತಿಗೆ

ಸೆಪ್ಟೆಂಬರ್ 29

ಅತ್ತಿಗೆ,

ಸಹಿ ಹಾಕಿದ್ದೇನೆ. 'ತಪ್ಪಾಗಿದೆ' ಎಂಬುದರ ಮೊದಲು 'ತಾಂತ್ರಿಕ ಕಾರಣಗಳಿಂದ' ಎಂದು ಸೇರಿಸಿದ್ದೇನೆ. ಅಷ್ಟು ಮಾತ್ರ ಇರಲಿ. ಇಲ್ಲಿಯವರಿಗೆ ಹೇಗೋ ಗೊತ್ತಾಗಿದೆ. ಮುಖ್ಯಸ್ಥೆಯ ವಿಷಯ ಈಗ ಯಾರೂ ಮಾತಾಡುತ್ತಿಲ್ಲ.

ಅಕ್ಟೋಬರ್ 12

ನಾದಿನಿಗೆ,

ನಿನ್ನ ಕಾಗದ ಬಂತು. ಕೊನೆಯಲ್ಲಿ ಯಾರು ಬರೆದದ್ದು ಎಂದೂ ಹಾಕಿರಲಿಲ್ಲ. ಇರಲಿ.

'ತಾಂತ್ರಿಕ ಕಾರಣಗಳಿಂದ' ಎಂಬುದರ ಮೇಲೆ ಮಸಿ ಎಳೆದು ಅಂಟಿಸಿದೆ. ಅಡುಗೆಯಾಕೆ ಬಂದು ಒಂದೊಂದು ಸಾಲಿನ ಕೆಳಗೂ ಬೆರಳು ಎಳೆಯುತ್ತ ಓದಿದಳು. ಮುಗಿಸಿ ಮತ್ತೆ ಮೇಲಿನಿಂದ ಓದಿದಳು. ಬಾವಿಯ ಚಪ್ಪಡಿ ಸರಿಸಿದ್ದಾರೆ. ಸೋಮವಾರದಿಂದ ಅವಳು ಕೆಲಸಕ್ಕೆ ಬರುತ್ತಿದ್ದಾಳೆ.

ಇಲ್ಲಿಗೆ ನಿಲ್ಲಿಸಿದ್ದರೆ ನಿನಗೂ ಸಮಾಧಾನ, ನನಗೂ ಸಮಾಧಾನ. ಆದರೆ ಸೋಮವಾರ ಮಧ್ಯಾಹ್ನ ನಾನು ಅಲ್ಲಿದ್ದೆ. ನೂರಾ ಹನ್ನೆರಡು ಮಕ್ಕಳು ಸಾಲಾಗಿ ಕೂತರು. ಅವಳು ನೂರಾ ಹನ್ನೆರಡು ಮಂದಿಗೂ ಬೇಯಿಸಿದ್ದಳು. ಎಪ್ಪತ್ತನಾಲ್ಕು ಮಕ್ಕಳು ಚೀಲದಿಂದ ಮನೆಯ ಡಬ್ಬಿ ತೆಗೆದರು. "ಅಮ್ಮ ಹೇಳಿದಾಳೆ, ಶಾಲೆ ಊಟ ಬೇಡ ಅಂತ." ಹೆಡ್ಮಾಸ್ತರರೂ ಡಬ್ಬಿ ತಂದಿದ್ದರು, ಹೊಟ್ಟೆ ಸರಿಯಿಲ್ಲವಂತೆ. ಅವಳು ಸೌಟು ಹಿಡಿದು ಸಾಲಿನ ಕೊನೆಯವರೆಗೂ ನಡೆದಳು. ಡಬ್ಬಿ ಇದ್ದವರ ಮುಂದೆಯೂ ಒಂದು ಗಳಿಗೆ ನಿಂತು, ಮುಂದೆ ಹೋದಳು. ಉಳಿದದ್ದನ್ನು ಸಂಜೆ ಗುಂಡಿಗೆ ಸುರಿದಳು.

ಗೋಡೆಯ ಮೇಲೆ ಮೂರು ಸಹಿ ಇದೆ. ಎಲ್ಲರೂ ಓದಿದ್ದಾರೆ, ಎಲ್ಲರೂ ನಂಬಿದ್ದಾರೆ. ಅವಳ ಕೈ ಶುದ್ಧ ಎಂದು ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಬಡಿಸಿದರೆ ತಟ್ಟೆ ಹಿಂದಕ್ಕೆಳೆಯುತ್ತಾರೆ. ಹೇಸಿಗೆ ಒಮ್ಮೆ ಹತ್ತಿದರೆ ಕಾಗದಕ್ಕೆ ಬಗ್ಗುವುದಿಲ್ಲ. ಅದನ್ನು ಅವಳಿಗೆ ಹತ್ತಿಸಿದವರು ನೀನು ಮತ್ತು ನಾನು, ತೆಗೆಯಬೇಕಾದವರೂ ನಾವೇ.

ಮಂಗಳವಾರದಿಂದ ನಾನು ದಿನಾ ಹನ್ನೆರಡೂವರೆಗೆ ಹೋಗಿ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು, ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದೇನೆ. ಅವಳು ನನ್ನೊಂದಿಗೆ ಮಾತಾಡುವುದಿಲ್ಲ, ಬಡಿಸುತ್ತಾಳೆ. ಒಬ್ಬಳು ಪುಟ್ಟಿ ಕೇಳಿದಳು, "ಅಜ್ಜೀ, ನಿಮಗೇನೂ ಆಗಲ್ವಾ?" ಆಗಲ್ಲಮ್ಮ ಅಂದೆ. ಮುದುಕಿಯೊಬ್ಬಳು ಉಂಡರೆ ಮಕ್ಕಳಿಗೆ ಸಾಕಾಗುವುದಿಲ್ಲ. ಬಾಟಲಿ ತೊಳೆಯುವವಳು ಏನನ್ನಾದರೂ ತಿನ್ನುತ್ತಾಳೆ ಅಂದುಕೊಳ್ಳುತ್ತಾರೆ. ಅವರ ತಾಯಂದಿರು ನಿನ್ನನ್ನು ದೊಡ್ಡ ಕಚೇರಿಯವಳು ಅನ್ನುತ್ತಾರೆ, ಈಗಲೂ.

ರಜೆ ಹಾಕಿ ಬಾ. ಒಂದು ದಿನಕ್ಕಲ್ಲ, ಹದಿನೈದು ದಿನಕ್ಕೆ. ಸಿಟ್ಟು ಇಟ್ಟುಕೊಂಡೇ ಬಾ, ನನ್ನೊಂದಿಗೆ ಮಾತಾಡದಿದ್ದರೂ ಪರವಾಗಿಲ್ಲ. ನನ್ನ ಪಕ್ಕ ಕೂತು ಉಂಡರೆ ಸಾಕು. ತಟ್ಟೆ ತರಬೇಡ. ಅಲ್ಲಿ ಅವಳು ತೊಳೆದು ಇಟ್ಟಿರುತ್ತಾಳೆ.

ಅತ್ತಿಗೆ